ಎರಡನೇ ಭಾಗದ ರಷ್ಯಾ

ಕುಂದೂರು, ಆಲೂರು, ಸಕಲೇಶಪುರದ ಕಡೆಯ ಹಳೆಯ ಕಾಫಿ ಬೆಳೆಗಾರರ ಮುಂದೆ ರಷ್ಯಾದ ಮಾತು ತೆಗೆದರೆ ಮೊದಲು ಬರುವುದು ಟಾಲ್‌ಸ್ಟಾಯ್ ಅಲ್ಲ, ಲೆನಿನ್ನೂ ಅಲ್ಲ, ಕಾಫಿ ರೇಟು. 1980ರ ದಶಕದಲ್ಲಿ ಭಾರತದ ಕಾಫಿಯ ಅತಿ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. ಅಂತಾರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಅದು ಸದಸ್ಯ ದೇಶವಾಗಿರಲಿಲ್ಲ. ಹಾಗಾಗಿ ಅಲ್ಲಿಗೆ ಹೋಗುವ ಕಾಫಿ ಒಪ್ಪಂದ ನಿಗದಿ ಮಾಡಿದ ರಫ್ತು ಕೋಟಾದ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಹಣದ ಪಾವತಿಯೂ ಡಾಲರಿನಲ್ಲಲ್ಲ, ರೂಪಾಯಿಯಲ್ಲಿ. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಸುರಿದು, ಕಂತು ಕಂತಾಗಿ ಬರುವ ದುಡ್ಡಿಗೆ ಕಾಯುವುದು ಆಗಿನ ಪದ್ಧತಿ. ಆ ಕಂತಿನ ಹಿಂದೆ ಎಲ್ಲೋ ಮಾಸ್ಕೋದ ಒಂದು ಸಹಿ ಇರುತ್ತಿತ್ತು. 1989ರ ಜುಲೈನಲ್ಲಿ ಕೋಟಾ ಪದ್ಧತಿ ಮುರಿಯಿತು, 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಮುರಿಯಿತು, 1992ರಿಂದ 1996ರ ನಡುವೆ ಪೂಲ್ ಪದ್ಧತಿಯೂ ಹಂತ ಹಂತವಾಗಿ ಹೋಯಿತು. ನಮ್ಮ ಗುಡ್ಡಗಳಲ್ಲಿ ಕಮ್ಯುನಿಸ್ಟ್ ರಷ್ಯಾದ ಅಂತ್ಯವನ್ನು ಜನ ಪತ್ರಿಕೆಯಲ್ಲಿ ಓದಿದ್ದಕ್ಕಿಂತ ಪಾಸ್‌ಬುಕ್ಕಿನಲ್ಲಿ ಓದಿದ್ದೇ ಹೆಚ್ಚು.

ಅದೇ ಕಾಲದಲ್ಲಿ ಆ ಕಡೆಯಿಂದ ಈ ಕಡೆಗೆ ಪುಸ್ತಕಗಳು ಬಂದವು. ಪ್ರಗತಿ ಪ್ರಕಾಶನ, ರಾದುಗ, ಮೀರ್ ಎಂಬ ಮುದ್ರೆ ಹೊತ್ತ, ಗಟ್ಟಿ ರಟ್ಟಿನ, ಪುಟಕ್ಕೆ ಪೈಸೆ ಲೆಕ್ಕ ಹಾಕಿದರೂ ಅಗ್ಗವೆನಿಸುವ ಪುಸ್ತಕಗಳು. 1960ರಲ್ಲಿ ಶುರುವಾದ ನವಕರ್ನಾಟಕ ಪ್ರಕಾಶನ ಅವನ್ನು ಕರ್ನಾಟಕದ ಊರುಗಳಿಗೆ ತಲುಪಿಸಿತು, ತಾನೂ ಅನುವಾದಗಳನ್ನು ಮಾಡಿಸಿತು. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕಲು ಎಷ್ಟು ಒಳ್ಳೆಯದಿತ್ತು ಎಂದು ಐವತ್ತು ದಾಟಿದವರನ್ನು ಕೇಳಿದರೆ ಹೇಳುತ್ತಾರೆ. ಗಾರ್ಕಿಯ 'ತಾಯಿ'ಯನ್ನು ನಿರಂಜನರು ಕನ್ನಡಕ್ಕೆ ತಂದರು. ಕ್ರಾಂತಿಗೂ ಹಿಂದಿನ ರಷ್ಯಾವನ್ನು ದೇಜಗೌ ಟಾಲ್‌ಸ್ಟಾಯ್ ಅನುವಾದಗಳ ಮೂಲಕ ಕೊಟ್ಟರು, ಈಚೆಗೆ ಓ.ಎಲ್. ನಾಗಭೂಷಣ ಸ್ವಾಮಿ 'ಯುದ್ಧ ಮತ್ತು ಶಾಂತಿ'ಯನ್ನು ಮತ್ತೆ ಹೊಸದಾಗಿ ಮಾಡಿದರು. ಹೀಗೆ ನಮ್ಮ ಓದುಗರಿಗೆ ಸಿಕ್ಕಿದ ರಷ್ಯಾ ಹೆಚ್ಚಾಗಿ ಎರಡು ಬಗೆಯದು: ಕ್ರಾಂತಿಗೆ ಮುಂಚಿನ ಜಮೀನ್ದಾರರ ರಷ್ಯಾ, ಕ್ರಾಂತಿಯ ಹೊಸ್ತಿಲಲ್ಲಿ ನಿಂತ ಕಾರ್ಮಿಕರ ರಷ್ಯಾ. ಹೊಸ್ತಿಲು ದಾಟಿದ ಮೇಲೆ ಏನಾಯಿತು ಎಂಬ ಕಥೆಯನ್ನು ಹೇಳಿದ ಕಾದಂಬರಿಗಳು ಇದ್ದವು. ಅವುಗಳಲ್ಲಿ ಬಹುಪಾಲು ಒಂದೇ ಸಂಪುಟಕ್ಕೆ ಮುಗಿಯುವಂಥವಲ್ಲ. ಅವುಗಳ ಎರಡನೇ, ಮೂರನೇ ಭಾಗಗಳನ್ನು ಹೇಗೆ ಓದಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಮುಂದಿನ ಭಾಗವಿರುವ ಐತಿಹಾಸಿಕ ಕಾದಂಬರಿ ಕನ್ನಡಿಗರಿಗೆ ಹೊಸದಲ್ಲ. ಚಿತ್ರದುರ್ಗದ ಕಥೆ ಹೇಳುವ ತರಾಸು ಅವರ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಒಂದರ ಬೆನ್ನಿಗೊಂದು ಓದಿಸಿಕೊಂಡವು. ಬಿ. ಪುಟ್ಟಸ್ವಾಮಯ್ಯ ಕಲ್ಯಾಣದ ಕಥೆಯನ್ನು ಆರು ಕಾದಂಬರಿಗಳಲ್ಲಿ ಹೇಳಿದರು. ಕೊನೆಯದಾದ 'ಕ್ರಾಂತಿ ಕಲ್ಯಾಣ'ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಅಲ್ಲಿ ಬಿಜ್ಜಳ ಸತ್ತು ಎಂಟು ಶತಮಾನವಾಗಿತ್ತು. ದುರ್ಗ ಹೈದರನ ಕೈಗೆ ಬಿದ್ದದ್ದು 1779ರಲ್ಲಿ. ಎರಡನೇ ಭಾಗದಲ್ಲಿ ಏನು ಬರೆದರೂ ಬಂದು ಕೇಳಲು ಹೈದರನ ಕಡೆಯವರು ಯಾರೂ ಇರಲಿಲ್ಲ. ಸೋವಿಯತ್ ಲೇಖಕನ ಪಾಡು ಬೇರೆ. ಅವನು ಮೊದಲ ಭಾಗ ಬರೆದು ಎರಡನೆಯದಕ್ಕೆ ಹಾಳೆ ಜೋಡಿಸಿಕೊಳ್ಳುವಷ್ಟರಲ್ಲಿ ಮೊದಲ ಭಾಗದ ನಾಯಕ ದೇಶದ್ರೋಹಿ ಎನಿಸಿಕೊಂಡಿರಬಹುದು, ಅವನನ್ನು ಹೊಗಳಿದ ಪುಟಗಳು ಅಪರಾಧವಾಗಿರಬಹುದು. ಇತಿಹಾಸ ಅವನ ಬೆನ್ನ ಹಿಂದೆ ಇರಲಿಲ್ಲ, ಪಕ್ಕದ ಕೋಣೆಯಲ್ಲೇ ನಡೆಯುತ್ತಿತ್ತು. ಆದ್ದರಿಂದ ಇಂಥ ಪುಸ್ತಕ ಕೈಗೆ ಬಂದಾಗ ಕಥೆ ಯಾವ ಇಸವಿಯದು ಎಂದು ನೋಡಿದರೆ ಸಾಲದು, ಬರೆದದ್ದು ಯಾವ ಇಸವಿ ಎಂದೂ ನೋಡಬೇಕು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಮುಖ್ಯ.

ಶೊಲೊಖೋವ್‌ನಿಂದ ಶುರು ಮಾಡುವುದು ಸರಿ. 'ಅಂಡ್ ಕ್ವಯೆಟ್ ಫ್ಲೋಸ್ ದ ಡಾನ್' ನಾಲ್ಕು ಸಂಪುಟಗಳಲ್ಲಿ 1928ರಿಂದ 1940ರವರೆಗೆ ಬಂತು. ಇಂಗ್ಲಿಷಿನಲ್ಲಿ ಅದನ್ನು ಎರಡು ಪುಸ್ತಕ ಮಾಡಿದರು, 1934ರಲ್ಲಿ ಒಂದು, 1940ರಲ್ಲಿ ಇನ್ನೊಂದು. ಡಾನ್ ನದಿಯ ದಡದ ಕೊಸಾಕ್ ರೈತ ಗ್ರಿಗೊರಿ ಮೆಲೆಖೋವ್ ಒಮ್ಮೆ ಬೊಲ್ಷೆವಿಕ್‌ರ ಕೆಂಪು ಸೇನೆಯಲ್ಲಿ, ಒಮ್ಮೆ ಅವರ ವಿರೋಧಿಗಳ ಬಿಳಿ ಸೇನೆಯಲ್ಲಿ, ಮತ್ತೊಮ್ಮೆ ದಂಗೆಕೋರರ ಗುಂಪಿನಲ್ಲಿ ಇದ್ದು ಕೊನೆಗೆ ಬಂದೂಕನ್ನು ನದಿಗೆಸೆದು ಮಗನ ಹತ್ತಿರ ಮರಳುತ್ತಾನೆ. 1919ರಲ್ಲಿ ಡಾನ್ ಕೊಸಾಕರು ಬೊಲ್ಷೆವಿಕ್‌ರ ವಿರುದ್ಧ ಎದ್ದ ದಂಗೆಯನ್ನು ಚಿತ್ರಿಸಿದ ಮೂರನೇ ಸಂಪುಟ ಪ್ರಕಟಣೆಗೆ ಹೋದಾಗ ತಡೆ ಬಿತ್ತು. ದಂಗೆಕೋರರ ಮೇಲೆ ಲೇಖಕನಿಗೆ ಕನಿಕರ ಜಾಸ್ತಿ ಎಂಬುದು ಆಕ್ಷೇಪ. 1931ರಲ್ಲಿ ಗಾರ್ಕಿಯ ಮನೆಯಲ್ಲಿ ಸ್ಟಾಲಿನ್ ಶೊಲೊಖೋವ್‌ನನ್ನು ಕಂಡು ಮಾತಾಡಿದ ಮೇಲೆಯೇ ಅದಕ್ಕೆ ದಾರಿ ಬಿಟ್ಟಿತು. ಕಮ್ಯುನಿಸ್ಟ್ ಆಗದ ನಾಯಕನ ಕಥೆಗೆ 1941ರಲ್ಲಿ ಸ್ಟಾಲಿನ್ ಬಹುಮಾನ, 1965ರಲ್ಲಿ ಲೇಖಕನಿಗೆ ನೊಬೆಲ್. ಇಡೀ ವ್ಯವಸ್ಥೆಯಲ್ಲಿ ಇಂಥದ್ದೊಂದು ಹೇಗೆ ನುಸುಳಿತೋ ಎಂದು ಇಂದಿಗೂ ಸೋಜಿಗವೆನಿಸುತ್ತದೆ.

ಆದರೆ ಅದೇ ಲೇಖಕನ ಇನ್ನೊಂದು ಕಾದಂಬರಿ 'ವರ್ಜಿನ್ ಸಾಯಿಲ್ ಅಪ್‌ಟರ್ನ್ಡ್' ಬೇರೆಯದೇ ಕಥೆ ಹೇಳುತ್ತದೆ. ಜಮೀನನ್ನು ಒಟ್ಟುಗೂಡಿಸಿ ಸಾಮೂಹಿಕ ಬೇಸಾಯ ಮಾಡಿಸಲು ಲೆನಿನ್‌ಗ್ರಾಡಿನ ಕಾರ್ಖಾನೆಯಿಂದ ಕೊಸಾಕ್ ಹಳ್ಳಿಗೆ ಬರುವ ದವೀದೋವ್ ಅದರ ನಾಯಕ. ಮೊದಲ ಭಾಗ 1932ರಲ್ಲಿ ಬಂತು. ಎರಡನೆಯದು 1959-60ರಲ್ಲಿ. ನಡುವೆ ಇಪ್ಪತ್ತೇಳು ವರ್ಷ. ಯುದ್ಧದಲ್ಲಿ ಹಸ್ತಪ್ರತಿ ಹಾಳಾಯಿತು ಎಂಬ ಕಾರಣವಿದೆ, ಇರಲಿ. ಈ ಇಪ್ಪತ್ತೇಳು ವರ್ಷದಲ್ಲಿ ಡಾನ್ ಪ್ರದೇಶದಲ್ಲಿ ಏನಾಯಿತೆಂದು ಶೊಲೊಖೋವ್‌ಗೆ ಬೇರೆ ಯಾವ ಲೇಖಕನಿಗಿಂತ ಚೆನ್ನಾಗಿ ಗೊತ್ತಿತ್ತು. 1933ರ ಏಪ್ರಿಲಿನಲ್ಲಿ ಅವನೇ ಸ್ಟಾಲಿನ್‌ಗೆ ಉದ್ದುದ್ದ ಪತ್ರ ಬರೆದಿದ್ದ: ಧಾನ್ಯ ವಸೂಲಿಗೆ ಬಂದವರು ರೈತರನ್ನು ಹೊಡೆದು, ಚಳಿಯಲ್ಲಿ ಮನೆಯಿಂದ ಹೊರಗೆ ಹಾಕಿ, ಗುಂಡಿಕ್ಕುವಂತೆ ನಟಿಸಿ ಹಿಂಸಿಸುತ್ತಿದ್ದಾರೆ, ಜನ ಹಸಿವಿನಿಂದ ಸಾಯುತ್ತಿದ್ದಾರೆ ಎಂದು. ಸ್ಟಾಲಿನ್ ಆ ಜಿಲ್ಲೆಗೆ ಧಾನ್ಯ ಕಳಿಸಿದ. ಜೊತೆಗೆ, ನಿಮ್ಮ ಆ ಗೌರವಾನ್ವಿತ ರೈತರು ಸರ್ಕಾರದ ಮೇಲೆ ಸದ್ದಿಲ್ಲದ ಯುದ್ಧ ಹೂಡಿದ್ದಾರೆ ಎಂಬ ಅರ್ಥದ ಉತ್ತರವನ್ನೂ ಕಳಿಸಿದ.

ಆ ಪತ್ರ ಬರೆದ ಕೈಯೇ ಎರಡನೇ ಭಾಗವನ್ನೂ ಬರೆಯಿತು. ಆದರೆ ಅದರ ಕಥೆ 1930ರ ಬೇಸಿಗೆಯಿಂದ ಮುಂದಕ್ಕೆ ಹೆಚ್ಚು ಹೋಗುವುದೇ ಇಲ್ಲ. ದವೀದೋವ್ ಪ್ರತಿಕ್ರಾಂತಿಕಾರರ ಗುಂಡಿಗೆ ಬಲಿಯಾಗುತ್ತಾನೆ, ಕಾದಂಬರಿ ಮುಗಿಯುತ್ತದೆ. ಬರ ಬರುವ ಮೊದಲೇ ಲೇಖಕ ಬಾಗಿಲು ಹಾಕಿಕೊಂಡ. ಸ್ಟಾಲಿನ್ ಸತ್ತಾಗಿತ್ತು, 1956ರಲ್ಲಿ ಕ್ರುಶ್ಚೇವ್ ಸ್ಟಾಲಿನ್ ಕಾಲದ ತಪ್ಪುಗಳನ್ನು ಪಕ್ಷದ ಮುಂದೆ ಬಿಚ್ಚಿಟ್ಟಾಗಿತ್ತು. ಆದರೂ ಇಲ್ಲ. 1960ರಲ್ಲಿ ಇದಕ್ಕೆ ಲೆನಿನ್ ಬಹುಮಾನ ಬಂತು. ಎರಡನೇ ಭಾಗದಲ್ಲಿ ಹಾಸ್ಯ ಹೆಚ್ಚಿದೆ, ಮುದುಕ ಶ್ಚುಕಾರ್ ಅಂತೂ ನಗಿಸಿ ನಗಿಸಿ ಸುಸ್ತು ಮಾಡುತ್ತಾನೆ. ಆ ನಗೆಯ ಆಚೆ ಏನಿದೆಯೆಂದು ತಿಳಿದ ಮೇಲೆ ಮತ್ತೆ ಓದಿದರೆ ಶ್ಚುಕಾರ್ ಬಾಯಿ ತೆರೆದಾಗೆಲ್ಲ ಕಿರಿಕಿರಿಯಾಗುತ್ತದೆ.

ಈ ಕಾದಂಬರಿಯನ್ನು ಮಲೆನಾಡಿನಲ್ಲಿ ಕೂತು ಓದುವುದಕ್ಕೆ ಬೇರೆಯದೇ ಒಂದು ತೂಕವಿದೆ. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಗದ್ದೆ ಮಾಡುತ್ತಿದ್ದವರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು, ಅನೇಕರು ಗದ್ದೆಯ ಒಡೆಯರಾದರು. ಆದರೆ ಅದೇ ಕಾಯ್ದೆ ಕಾಫಿ, ಏಲಕ್ಕಿ, ಟೀ, ರಬ್ಬರ್ ತೋಟಗಳನ್ನು ಮಿತಿಯಿಂದ ಹೊರಗಿಟ್ಟಿತು. ಹೀಗಾಗಿ ಒಂದೇ ಊರಿನ ತಗ್ಗಿನಲ್ಲಿ ಗದ್ದೆ ಕೈಬದಲಾಯಿತು, ಏರಿನಲ್ಲಿ ತೋಟ ಇದ್ದಲ್ಲೇ ಇತ್ತು. ಲೈನ್ ಮನೆಯ ತೋಟದ ಕೂಲಿಗಳು ಲೈನ್ ಮನೆಯಲ್ಲೇ ಉಳಿದರು. ದವೀದೋವ್ ಹಳ್ಳಿಯ ಸಭೆಯಲ್ಲಿ ಯಾರ ಎತ್ತು, ಯಾರ ಬೀಜದ ಕಾಳು ಎಂದು ಪಟ್ಟಿ ಮಾಡುವ ಪುಟಗಳನ್ನು ಇಲ್ಲಿನ ಓದುಗ ಓದುವಾಗ ನೆನಪಾಗುವುದು ಡಾನ್ ನದಿಯಲ್ಲ, ತಾಲ್ಲೂಕು ಕಚೇರಿಯ ಜಗಲಿ. ಗದ್ದೆ ಕಳೆದುಕೊಂಡ ಮನೆಯವರೂ ಗದ್ದೆ ಪಡೆದ ಮನೆಯವರೂ ಈ ಪುಸ್ತಕವನ್ನು ಬೇರೆ ಬೇರೆಯಾಗಿಯೇ ಓದುತ್ತಾರೆ. ಹಾಗೆ ಓದುವುದು ತಪ್ಪೇನಲ್ಲ. ಆದರೆ ಅಲ್ಲಿ ನಡೆದದ್ದನ್ನೂ ಇಲ್ಲಿ ನಡೆದದ್ದನ್ನೂ ಒಂದೇ ತಕ್ಕಡಿಗೆ ಹಾಕುವವರಿಗೆ ಒಂದು ಮಾತು: ಇಲ್ಲಿ ಅರ್ಜಿ ಇತ್ತು, ಹೈಕೋರ್ಟಿತ್ತು, ಸೋತವನಿಗೆ ಅಪೀಲಿಗೆ ಹೋಗುವ ಬಸ್ಸಿತ್ತು. ಅಲ್ಲಿ ಸೈಬೀರಿಯಾಕ್ಕೆ ಹೋಗುವ ರೈಲಿತ್ತು.

ಅಲೆಕ್ಸೇಯ್ ಟಾಲ್‌ಸ್ಟಾಯ್‌ನ ಮೂರು ಸಂಪುಟಗಳ 'ದ ರೋಡ್ ಟು ಕ್ಯಾಲ್ವರಿ' ಬಗ್ಗೆ ಹೆಚ್ಚು ಹೇಳಬೇಕಿಲ್ಲ. (ದೊಡ್ಡ ಟಾಲ್‌ಸ್ಟಾಯ್ ಬೇರೆ, ಈತ ಬೇರೆ.) ಕ್ರಾಂತಿಗೆ ಹೆದರಿ ದೇಶ ಬಿಟ್ಟ ಈ ಶ್ರೀಮಂತ ಮನೆತನದವನು ಮೊದಲ ಭಾಗವನ್ನು ಪರದೇಶದಲ್ಲಿ ಬರೆದ. 1923ರಲ್ಲಿ ರಷ್ಯಾಕ್ಕೆ ಮರಳಿದ ಮೇಲೆ ಅದನ್ನು ತಿದ್ದಿದ. ಎರಡನೆಯದು 1920ರ ದಶಕದ ಕೊನೆಗೆ ಬಂತು. ಮೂರನೆಯದಕ್ಕೆ ಮೊದಲು, ಮಹಾ ಬಂಧನಗಳ ವರ್ಷವಾದ 1937ರಲ್ಲಿ, ಸ್ಟಾಲಿನ್‌ನನ್ನು ತ್ಸಾರಿತ್ಸಿನ್ ಯುದ್ಧದ ವೀರನನ್ನಾಗಿ ಮಾಡುವ 'ಬ್ರೆಡ್' ಎಂಬ ಕಾದಂಬರಿ ಬರೆದುಕೊಟ್ಟ. ಮೂರನೇ ಭಾಗ ಮುಗಿದದ್ದು 1941ರ ಜೂನ್ 22ರಂದು, ಹಿಟ್ಲರ್ ರಷ್ಯಾದ ಮೇಲೆ ಬಿದ್ದ ದಿನವೇ. 1943ರಲ್ಲಿ ಸ್ಟಾಲಿನ್ ಬಹುಮಾನ. ಆತನಿಗೆ ಕಥೆ ಹೇಳುವ ಶಕ್ತಿ ಧಾರಾಳವಾಗಿತ್ತು. ಸಂಪುಟದಿಂದ ಸಂಪುಟಕ್ಕೆ ಪಾತ್ರಗಳ ಅನುಮಾನಗಳು ಕಡಿಮೆಯಾಗುತ್ತ ಹೋಗುತ್ತವೆ. ಮನುಷ್ಯರಿಗೆ ವಯಸ್ಸಾದಂತೆ ಅನುಮಾನ ಹೆಚ್ಚಾಗುವುದು ವಾಡಿಕೆ, ಇಲ್ಲಿ ತಿರುಗಾಮುರುಗಾ.

ಈಗ ವಾಸಿಲಿ ಗ್ರಾಸ್‌ಮನ್. ಸ್ಟಾಲಿನ್‌ಗ್ರಾಡ್ ಯುದ್ಧವನ್ನು ವರದಿಗಾರನಾಗಿ ಕಣ್ಣಾರೆ ಕಂಡವನು. ಅದರ ಬಗ್ಗೆ ಬರೆದ ಮೊದಲ ಕಾದಂಬರಿ 'ಫಾರ್ ಎ ಜಸ್ಟ್ ಕಾಸ್' 1952ರಲ್ಲಿ 'ನೋವಿ ಮೀರ್' ಪತ್ರಿಕೆಯಲ್ಲಿ ಬಂತು. ಅದಕ್ಕಾಗಿ ಸಂಪಾದಕರೊಡನೆ ವರ್ಷಗಟ್ಟಲೆ ಜಗ್ಗಾಡಿದ. ಯಾವುದನ್ನು ಬಿಡಬೇಕು, ಯಾರನ್ನು ಸೇರಿಸಬೇಕು ಎಂದು ಹಲವು ಆವೃತ್ತಿ ಮಾಡಿದ. ಬಂದ ಮರುವರ್ಷವೇ ಅದರ ಮೇಲೆ ಪತ್ರಿಕೆಗಳಲ್ಲಿ ದಾಳಿ ಶುರುವಾಯಿತು. ಸ್ಟಾಲಿನ್ ಸತ್ತದ್ದರಿಂದ ಬಹುಶಃ ಗ್ರಾಸ್‌ಮನ್ ಉಳಿದುಕೊಂಡ. ಆ ಬಳಿಕ ಅದೇ ಮನೆಯವರ, ಅದೇ ಸೈನಿಕರ ಕಥೆಯನ್ನು ಮುಂದುವರಿಸಿ 'ಲೈಫ್ ಅಂಡ್ ಫೇಟ್' ಬರೆದ. 1960ರಲ್ಲಿ ಪತ್ರಿಕೆಯೊಂದಕ್ಕೆ ಒಪ್ಪಿಸಿದ. 1961ರ ಫೆಬ್ರವರಿಯಲ್ಲಿ ಕೆ.ಜಿ.ಬಿ.ಯವರು ಮನೆಗೆ ಬಂದರು. ಲೇಖಕನನ್ನು ಬಿಟ್ಟು ಕಾದಂಬರಿಯನ್ನು ಬಂಧಿಸಿಕೊಂಡು ಹೋದರು. ಕರಡುಗಳು, ಕಾರ್ಬನ್ ಹಾಳೆ, ಟೈಪ್‌ರೈಟರಿನ ರಿಬ್ಬನ್ ಕೂಡ ಬಿಡಲಿಲ್ಲ. ಇನ್ನು ಇನ್ನೂರು ಮುನ್ನೂರು ವರ್ಷ ಇದು ಅಚ್ಚಾಗದು ಎಂದು ಪಕ್ಷದ ನಾಯಕ ಸುಸ್ಲೋವ್ ಹೇಳಿದ ಮಾತು ಪ್ರಸಿದ್ಧ. 1964ರಲ್ಲಿ ಗ್ರಾಸ್‌ಮನ್ ತೀರಿಕೊಂಡ. ಗೆಳೆಯರ ಹತ್ತಿರ ಅಡಗಿದ್ದ ಪ್ರತಿ ಮೈಕ್ರೊಫಿಲ್ಮ್ ಆಗಿ ಗಡಿ ದಾಟಿ 1980ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾಯಿತು, ಮಾಸ್ಕೋದಲ್ಲಿ 1988ರಲ್ಲಿ. ಅಂದರೆ ನಮ್ಮಲ್ಲಿಗೆ ಸೋವಿಯತ್ ಪುಸ್ತಕಗಳು ಹೇರಳವಾಗಿ ಬರುತ್ತಿದ್ದ ವರ್ಷಗಳಲ್ಲಿ ಈ ಪುಸ್ತಕ ಆ ದಾರಿಯಲ್ಲಿ ಬರುವುದು ಸಾಧ್ಯವೇ ಇರಲಿಲ್ಲ.

ಎರಡನೇ ಭಾಗವೊಂದು ಮೊದಲನೆಯದನ್ನು ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಾನು ಓದಿಲ್ಲ. ಮೊದಲ ಭಾಗದಲ್ಲಿ ಭೌತವಿಜ್ಞಾನಿ ಶ್ಟ್ರುಮ್‌ಗೆ ತಾಯಿಯ ಕೊನೆಯ ಪತ್ರ ತಲುಪುತ್ತದೆ, ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಕೇರಿಯಿಂದ. ಅವನು ಓದುತ್ತಾನೆ. ಅದರಲ್ಲಿ ಏನಿತ್ತೆಂದು ನಮಗೆ ತೋರಿಸುವುದಿಲ್ಲ. ಎರಡನೇ ಭಾಗದಲ್ಲಿ ಆ ಪತ್ರ ಪೂರ್ತಿಯಾಗಿ ಒಂದು ಅಧ್ಯಾಯವಾಗಿ ಬರುತ್ತದೆ. ಗ್ರಾಸ್‌ಮನ್‌ನ ತಾಯಿಯನ್ನು 1941ರಲ್ಲಿ ಬೆರ್ದಿಚೇವ್ ಊರಿನಲ್ಲಿ ನಾಜಿಗಳು ಕೊಂದಿದ್ದರು. ಮೊದಲ ಭಾಗದಲ್ಲಿ ಗಟ್ಟಿ ಕಮ್ಯುನಿಸ್ಟನಾಗಿ ಸೈನಿಕರಿಗೆ ಹುರುಪು ತುಂಬುತ್ತಿದ್ದ ಕ್ರೀಮೋವ್ ಎರಡನೆಯದರಲ್ಲಿ ತನ್ನದೇ ಪಕ್ಷದ ಲುಬ್ಯಾಂಕಾ ಜೈಲಿನಲ್ಲಿ ಏಟು ತಿನ್ನುತ್ತಾನೆ. ನಾಜಿ ಶಿಬಿರದಲ್ಲಿ ಒಬ್ಬ ಜರ್ಮನ್ ಅಧಿಕಾರಿ ಹಳೆಯ ಬೊಲ್ಷೆವಿಕ್ ಕೈದಿಯನ್ನು ಕೂರಿಸಿಕೊಂಡು, ನೀವೂ ನಾವೂ ಒಬ್ಬರಿಗೊಬ್ಬರು ಕನ್ನಡಿ ಎಂದು ವಾದಿಸುತ್ತಾನೆ. ಕೈದಿಗೆ ಒಪ್ಪಿಗೆಯಿಲ್ಲ, ಆದರೆ ಆ ಮಾತು ಅವನ ತಲೆಯಲ್ಲಿ ಹುಳದಂತೆ ಕೊರೆಯುತ್ತದೆ. ಮೊದಲ ಭಾಗದ ಗೆಲುವು ಸುಳ್ಳೆಂದು ಎರಡನೆಯದು ಹೇಳುವುದಿಲ್ಲ. ಹಿಟ್ಲರನನ್ನು ಸೋಲಿಸಿದ ಅದೇ ಜನರನ್ನು ಅವರ ಸರ್ಕಾರ ಹೇಗೆ ನಡೆಸಿಕೊಂಡಿತು ಎನ್ನುತ್ತದೆ, ಅಷ್ಟೆ. ಇಂಗ್ಲಿಷ್ ಮೂಲಕ ಓದುವವರಿಗೆ ಇನ್ನೊಂದು ವಿಚಿತ್ರವಾಯಿತು: ಎರಡನೇ ಭಾಗ 1985ರಲ್ಲೇ ಬಂತು, ಮೊದಲ ಭಾಗ 'ಸ್ಟಾಲಿನ್‌ಗ್ರಾಡ್' ಎಂಬ ಹೆಸರಿನಲ್ಲಿ ಬಂದದ್ದು 2019ರಲ್ಲಿ. ಮೂವತ್ತು ವರ್ಷಕ್ಕೂ ಮಿಕ್ಕಿ ಜಗತ್ತು ಕಥೆಯ ಕೊನೆಯನ್ನೇ ಓದಿಕೊಂಡು ಕೂತಿತ್ತು. ಈಗ ಶುರು ಮಾಡುವವರು ಮೊದಲಿನಿಂದಲೇ ಶುರು ಮಾಡಲಿ. ಕ್ರೀಮೋವ್ ಏನನ್ನು ನಂಬಿದ್ದ ಎಂದು ಗೊತ್ತಿಲ್ಲದೆ ಲುಬ್ಯಾಂಕಾದಲ್ಲಿ ಅವನನ್ನು ಕಂಡರೆ ಬರೀ ಕನಿಕರ ಹುಟ್ಟುತ್ತದೆ; ಗೊತ್ತಿದ್ದರೆ ಹೆದರಿಕೆಯಾಗುತ್ತದೆ.

ಅನತೋಲಿ ರಿಬಕೋವ್‌ನ 'ಚಿಲ್ಡ್ರನ್ ಆಫ್ ದಿ ಅರ್ಬಾತ್' 1960ರ ದಶಕದಲ್ಲೇ ಬರೆದದ್ದು. ಪತ್ರಿಕೆಯಲ್ಲಿ ಬರಲಿದೆ ಎಂಬ ಪ್ರಕಟಣೆಯಾಗಿಯೂ ನಿಂತುಹೋಗಿ, ಗೊರ್ಬಚೇವ್ ಕಾಲದಲ್ಲಿ 1987ರಲ್ಲಿ ಬೆಳಕು ಕಂಡಿತು. ಅದರ ಮುಂದಿನ ಭಾಗಗಳಲ್ಲಿ 'ಫಿಯರ್' ಬಂದದ್ದು 1990ರಲ್ಲಿ, 'ಡಸ್ಟ್ ಅಂಡ್ ಆ್ಯಶಸ್' 1994ರಲ್ಲಿ. ಕೊನೆಯ ಭಾಗ ಬರುವಷ್ಟರಲ್ಲಿ ಕಾದಂಬರಿಯ ಖಳನಾಯಕ ಸ್ಟಾಲಿನ್‌ನ ದೇಶವೇ ಇರಲಿಲ್ಲ. ಮೊದಲನೆಯದಕ್ಕೆ ರಷ್ಯಾದಲ್ಲಿ ಜನ ಮುಗಿಬಿದ್ದಿದ್ದರು. ಮುಂದಿನವುಗಳಿಗೆ ಆ ಕಾವಿರಲಿಲ್ಲ. ಬಚ್ಚಿಟ್ಟದ್ದಕ್ಕಿರುವ ಸೆಳೆತ ಬಿಚ್ಚಿಟ್ಟದ್ದಕ್ಕೆ ಇಲ್ಲವೆಂಬುದು ನಿಜ. ಜೊತೆಗೆ ಸಾಹಿತ್ಯವಾಗಿಯೂ ಕೊನೆಯ ಭಾಗಗಳು ಸೊರಗಿವೆ ಎಂದೇ ನನಗನ್ನಿಸುತ್ತದೆ.

ಈ ಎಲ್ಲ ದಾರಿಗಳೂ ಮುಗಿದ ಮೇಲೆ, ಈಗ ಹಾಸನದ ಪುಸ್ತಕದಂಗಡಿಯಲ್ಲೋ ಫೋನಿನಲ್ಲಿ ಆರ್ಡರ್ ಹಾಕಿಯೋ ಕೊಳ್ಳುವ ಇಂಗ್ಲಿಷ್ ಓದುಗರ ಕೈಗೆ ಸಿಗುವ ಕಮ್ಯುನಿಸ್ಟ್ ರಷ್ಯಾ ಬೇರೆ. ಅದನ್ನು ಬರೆಯುವವರು ಲಂಡನ್ನಿನವರು, ಮೆಲ್ಬರ್ನ್‌ನವರು. ಅಲ್ಲಿ ಸೆನ್ಸಾರ್ ಇಲ್ಲ, ಬದಲಿಗೆ ಮಾರುಕಟ್ಟೆಯಿದೆ. ಮೊದಲ ಭಾಗ ಲಕ್ಷಗಟ್ಟಲೆ ಹೋದರೆ ಎರಡನೆಯದು ಬಂದೇ ಬರಬೇಕು. ಟಾಮ್ ರಾಬ್ ಸ್ಮಿತ್‌ನ 'ಚೈಲ್ಡ್ 44' (2008) ಸ್ಟಾಲಿನ್ ಕಾಲದ ಪತ್ತೇದಾರಿ ಕಥೆ. ಅದಕ್ಕೆ ಪ್ರೇರಣೆಯಾದ ಸರಣಿ ಕೊಲೆಗಾರ ಚಿಕತೀಲೊ ಕೊಲೆ ಮಾಡಿದ್ದು 1978ರಿಂದ 1990ರವರೆಗೆ. ಕಾದಂಬರಿ ಅದನ್ನು 1953ಕ್ಕೆ ಎಳೆದುಕೊಂಡಿತು. ಕಥೆಗೆ ಬೇಕಾದ ಹೆದರಿಕೆ ಆ ವರ್ಷದಲ್ಲಿ ಹೆಚ್ಚು ಸಿಗುತ್ತದೆ, ನಿಜ. ಎರಡನೇ ಭಾಗ 'ದ ಸೀಕ್ರೆಟ್ ಸ್ಪೀಚ್' 1956ರ ಕ್ರುಶ್ಚೇವ್ ಭಾಷಣದ ಸುತ್ತ ಹೆಣೆದದ್ದು. ವಿಷಯ ದೊಡ್ಡದು: ನಿನ್ನೆಯವರೆಗೆ ಜನರನ್ನು ಹಿಡಿದು ಜೈಲಿಗೆ ಹಾಕಿದವನು ಇವತ್ತು ತಪ್ಪಾಯಿತೆಂಬ ಭಾಷಣ ಕೇಳಿ ಮನೆಗೆ ಹೋಗಿ ಊಟ ಮಾಡುವುದು ಹೇಗೆ? ಆದರೆ ಆ ಪ್ರಶ್ನೆ ಅರಳುವ ಹೊತ್ತಿಗೆ ಅಟ್ಟಾಡಿಸಿಕೊಂಡು ಹೋಗುವ ದೃಶ್ಯ ಬಂದುಬಿಡುತ್ತದೆ.

ಹೆದರ್ ಮಾರಿಸ್‌ಳ 'ಸಿಲ್ಕಾಸ್ ಜರ್ನಿ' (2019) ಇದಕ್ಕಿಂತ ಹೆಚ್ಚು ಓದಿಸಿಕೊಂಡಿದೆ. ಅದು 'ದ ಟ್ಯಾಟೂಯಿಸ್ಟ್ ಆಫ್ ಆಶ್ವಿಟ್ಜ್' ಕಾದಂಬರಿಯ ಮುಂದುವರಿಕೆ. ಆಶ್ವಿಟ್ಜ್‌ನಿಂದ ಬಿಡುಗಡೆಯಾದ ಯುವತಿಯನ್ನು, ನಾಜಿಗಳ ಜೊತೆ ಸೇರಿದ್ದಳೆಂಬ ಆರೋಪದ ಮೇಲೆ, ಉತ್ತರ ಧ್ರುವ ವೃತ್ತದಾಚೆಯ ವೊರ್ಕುತಾ ಶಿಬಿರಕ್ಕೆ ಅಟ್ಟುವ ಕಥೆ. ವೊರ್ಕುತಾದ ಕಲ್ಲಿದ್ದಲ ಗಣಿಗಳಲ್ಲಿ ಕೈದಿಗಳ ದುಡಿಮೆ ಇತಿಹಾಸದ ಸತ್ಯ, ಸಿಲ್ಕಾ ಕೂಡ ನಿಜವಾಗಿ ಬದುಕಿದ್ದ ಹೆಣ್ಣು. ಆಕೆಯ ಮಲಮಗ ಈ ಚಿತ್ರಣವನ್ನು ಬಹಿರಂಗವಾಗಿ ಆಕ್ಷೇಪಿಸಿದ. ಮೊದಲ ಪುಸ್ತಕದ ತಪ್ಪುಗಳನ್ನು ಆಶ್ವಿಟ್ಜ್ ಸ್ಮಾರಕದವರೂ ಎತ್ತಿ ತೋರಿಸಿದ್ದರು. ನನ್ನ ತಕರಾರು ಅದಲ್ಲ. ಈ ಕಾದಂಬರಿಯಲ್ಲಿ ರಷ್ಯಾ ಎಂದರೆ ಹಿಮ, ಬೇಲಿ, ಕ್ರೂರಿ ಕಾವಲುಗಾರ. ಶಿಬಿರದ ಹೊರಗಿನ ದೇಶ ಹೇಗಿತ್ತು, ಆ ಕಾವಲುಗಾರ ಸಂಜೆ ಯಾವ ಪತ್ರಿಕೆ ಓದುತ್ತಿದ್ದ, ಏನನ್ನು ನಂಬಿದ್ದ, ಒಂದೂ ಇಲ್ಲ. ಶೊಲೊಖೋವ್ ಬರವನ್ನು ಬಿಟ್ಟ. ಮಾರಿಸ್ ನಂಬಿಕೆಯನ್ನು ಬಿಟ್ಟಿದ್ದಾಳೆ. ದವೀದೋವ್‌ನಂಥ ಪ್ರಾಮಾಣಿಕರು ಇದ್ದರೆಂಬುದನ್ನು ಮರೆತರೆ ವೊರ್ಕುತಾ ಹೇಗೆ ಸಾಧ್ಯವಾಯಿತೆಂದು ಅರ್ಥವೇ ಆಗದು. ಈಗಿನ ಹುಡುಗರು ಈ ಪುಸ್ತಕ ಓದಿ ಅತ್ತರೆ ಅಳಲಿ. ಆದರೆ ಅಜ್ಜನ ಕಪಾಟಿನ ಗಾರ್ಕಿಯನ್ನು ಗುಜರಿಗೆ ಹಾಕುವ ಮುಂಚೆ ಎರಡನ್ನೂ ಜೊತೆಗಿಟ್ಟು ಓದಲಿ.

ಇಷ್ಟೆಲ್ಲ ಹೇಳಿ ಕನ್ನಡದ ಸ್ವಂತ ಬಾಕಿಯನ್ನು ಹೇಳದಿದ್ದರೆ ಆಗದು. ಕಮ್ಯುನಿಸ್ಟ್ ಕನಸಿನ ಬಗ್ಗೆ ಕನ್ನಡದಲ್ಲಿ ಬಂದ ಪ್ರಸಿದ್ಧ ಐತಿಹಾಸಿಕ ಕಾದಂಬರಿ ನಿರಂಜನರ 'ಚಿರಸ್ಮರಣೆ'. ಕಾಸರಗೋಡು ಸೀಮೆಯ ಕಯ್ಯೂರಿನ ರೈತರ ಕಥೆ. 1941ರ ಮಾರ್ಚಿನಲ್ಲಿ ರೈತರ ಮೆರವಣಿಗೆಯ ಎದುರು ಸಿಕ್ಕ ಪೊಲೀಸನೊಬ್ಬ ಹೊಳೆಯಲ್ಲಿ ಮುಳುಗಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಆ ಹುಡುಗರಿಗೂ ರಷ್ಯಾ ದೂರದ ಬೆಳಕಾಗಿತ್ತು. ಕಾದಂಬರಿ ಬಂದದ್ದು 1955ರಲ್ಲಿ, ಮಲೆಯಾಳದಲ್ಲೂ ಮನೆಮಾತಾಯಿತು. ಇಸವಿ ಗಮನಿಸಿ: ಮರುವರ್ಷವೇ ಕ್ರುಶ್ಚೇವ್ ಭಾಷಣ, ಅದರ ಮರುವರ್ಷ ಕೇರಳದಲ್ಲಿ ಚುನಾವಣೆ ಗೆದ್ದ ಕಮ್ಯುನಿಸ್ಟ್ ಸರ್ಕಾರ. ಒಂದು ಕಡೆ ಮೂಲದ ಗುಡಿಯಲ್ಲಿ ಬಿರುಕು, ಇನ್ನೊಂದು ಕಡೆ ಕಯ್ಯೂರಿನವರ ಮತಪೆಟ್ಟಿಗೆಯಲ್ಲಿ ಗೆಲುವು. ಎರಡನೇ ಭಾಗಕ್ಕೆ ಇದಕ್ಕಿಂತ ಸಾಮಗ್ರಿ ಬೇಕೆ? ನಿರಂಜನರು ಬೇರೆ ಬೇರೆ ನೆಲಗಳಿಗೆ ಹೋದರು, 'ಮೃತ್ಯುಂಜಯ'ದಲ್ಲಿ ಪ್ರಾಚೀನ ಈಜಿಪ್ಟಿನ ಬಂಡಾಯದವರೆಗೂ. ಕಯ್ಯೂರಿಗೆ ಮುಂದಿನ ಸಂಪುಟವಾಗಿ ಮರಳಲಿಲ್ಲ. ಸೋವಿಯತ್ ಒಕ್ಕೂಟ ಮುಗಿದ ಕೆಲವೇ ತಿಂಗಳಲ್ಲಿ, 1992ರ ಮಾರ್ಚಿನಲ್ಲಿ, ಅವರೂ ತೀರಿಕೊಂಡರು.

ಗಲ್ಲಿಗೆ ಹೋದವರ ಕಥೆ ಅಲ್ಲಿಗೆ ಮುಗಿಯುತ್ತದೆ, ಅವರ ಮೇಲೆ ಕಾದಂಬರಿ ಮುಂದುವರಿಸಲು ಬಾರದು ಎನ್ನುವವರಿರಬಹುದು. ಆದರೆ ಆ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾದವರು ಐದು ಜನ. ಐದನೆಯವನು ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲವೆಂದು ನೇಣಿನಿಂದ ಉಳಿದ. ಬರೆಯುವವರಿಗೆ ಶುರು ಮಾಡಲು ಅವನಿದ್ದಾನೆ.